ತುರ್ತು ಕರೆ ಎತ್ತುವವರಿಗೂ ಲೈಸೆನ್ಸ್ ಬೇಕು: ಆರೋಗ್ಯ ಮತ್ತು ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

108 ಆಂಬುಲೆನ್ಸ್ ಸೇವೆಯನ್ನು ಇನ್ನು ಮುಂದೆ ಆರೋಗ್ಯ ಇಲಾಖೆಯೇ ನೇರವಾಗಿ ನಡೆಸುತ್ತದೆ ಎಂದು 2025ರಲ್ಲಿ ಸರ್ಕಾರ ಹೇಳಿತು. ಆಮೇಲೆ ನಡೆದ ಚರ್ಚೆಯನ್ನು ನಾನು ಬಿಡದೆ ಓದಿಕೊಂಡು ಬಂದಿದ್ದೇನೆ. ಗಾಡಿ ಎಷ್ಟು ಬೇಕು, ಹಳೇ ಗಾಡಿಗಳನ್ನು ಏನು ಮಾಡೋದು, ಡ್ರೈವರ್‌ಗಳ ಸಂಬಳ ಯಾರು ಕೊಡೋದು, ಜಿಪಿಎಸ್ ಸರಿ ಇದೆಯಾ. ಎಲ್ಲವೂ ಆಡಲೇಬೇಕಾದ ಮಾತು. ಆದರೆ ಗಾಡಿ ಹೊರಡುವ ಮುಂಚೆ ಒಬ್ಬರು ಫೋನ್ ಎತ್ತುತ್ತಾರಲ್ಲ, ಅವರ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅವರಿಗಾಗಿ ಈ ಪತ್ರ.

ನಾನು ಆಸ್ಪತ್ರೆಯೊಂದರ ಕ್ಯಾಜುವಾಲ್ಟಿಯಲ್ಲಿ ನರ್ಸ್. ಆಂಬುಲೆನ್ಸ್ ಬಾಗಿಲು ತೆರೆದ ಮೇಲೆ ನಮ್ಮ ಕೆಲಸ ಶುರು. ಆದರೆ ಒಳಗೆ ಮಲಗಿರುವವರು ಬದುಕುತ್ತಾರೋ ಇಲ್ಲವೋ ಅನ್ನೋದು ಎಷ್ಟೋ ಸಲ ಅದಕ್ಕೂ ಮುಂಚೆಯೇ, ಫೋನಿನಲ್ಲಿ ನಡೆದ ಮೊದಲ ಎರಡು ಮೂರು ನಿಮಿಷದಲ್ಲೇ ತೀರ್ಮಾನ ಆಗಿರುತ್ತದೆ. ಆ ಎರಡು ನಿಮಿಷ ಸಿಕ್ಕವರ ಕೈಗೆ ಸಿಕ್ಕಂತೆ ಹೋಗಬಾರದು. ಕರ್ನಾಟಕದಲ್ಲಿ ತುರ್ತು ಕರೆ ಎತ್ತುವ ಪ್ರತಿಯೊಬ್ಬರಿಗೂ ರಾಜ್ಯವೇ ಗೊತ್ತುಮಾಡಿದ ತರಬೇತಿ, ಪರೀಕ್ಷೆ ಮತ್ತು ಲೈಸೆನ್ಸ್ ಇರಬೇಕು. ಆಂಬುಲೆನ್ಸ್‌ನ 108 ಇರಲಿ, ಪೊಲೀಸ್ ಸೇರಿ ಎಲ್ಲ ತುರ್ತಿಗೂ ಇರುವ 112 ಇರಲಿ. ಇದೇ ನನ್ನ ಬೇಡಿಕೆ.

ಯಾಕೆ ಅಂತ ಹೇಳಲು ಒಂದು ಸಾವಿನ ಮಾತು ಹೇಳಬೇಕು. ಊರು ಬೇಡ, ಹೆಸರು ಬೇಡ, ಯಾವ ಸಹಾಯವಾಣಿ ಅನ್ನೋದೂ ಬೇಡ. ಐವತ್ತು ದಾಟಿದ ರೈತರೊಬ್ಬರು ಬೆಳಗ್ಗೆ ಕೊಟ್ಟಿಗೆಯಲ್ಲಿ ಕುಸಿದು ಬಿದ್ದರು. ಮಗ ಓಡಿ ಬಂದು ನೋಡಿ ಒಂದು ಕ್ಷಣವೂ ತಡ ಮಾಡದೆ ಫೋನ್ ಮಾಡಿದ. ಆ ಕಡೆಯವರು ಕೇಳಿದರು, "ಉಸಿರಾಡ್ತಾ ಇದ್ದಾರಾ?" ಹುಡುಗ ನೋಡಿದ. ಅಪ್ಪನ ಬಾಯಿ ತೆರೆದಿತ್ತು, ಆಗಾಗ ಗೊರ್ ಅಂತ ಸದ್ದು ಬರುತ್ತಿತ್ತು. "ಹೂಂ, ಆಡ್ತಾ ಇದ್ದಾರೆ" ಅಂದ. ಊರು, ತಾಲ್ಲೂಕು, ಫೋನ್ ನಂಬರ್ ಬರೆದುಕೊಂಡರು. ಗಾಡಿ ಕಳಿಸ್ತೀವಿ ಅಂದರು. ಕರೆ ಮುಗಿಯಿತು. ಗಾಡಿ ತಡ ಮಾಡಲಿಲ್ಲ. ದೂರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟರಲ್ಲಿ ಬಂತು. ಅಲ್ಲಿವರೆಗೆ ಮನೆಯವರು ಮುಖಕ್ಕೆ ನೀರು ಚಿಮುಕಿಸಿದರು, ಟವೆಲ್‌ನಲ್ಲಿ ಗಾಳಿ ಬೀಸಿದರು, ಅಂಗಾಲು ಉಜ್ಜಿದರು. ನಮ್ಮ ಹತ್ತಿರ ಬರುವಾಗ ಮಾಡೋದಕ್ಕೆ ಏನೂ ಉಳಿದಿರಲಿಲ್ಲ. ಆ ಹುಡುಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಉಸಿರಾಡ್ತಾ ಇದ್ರಲ್ಲ ಸಿಸ್ಟರ್, ಹೆಂಗೆ ಹೋದ್ರು?"

ಉತ್ತರ ನನಗೆ ಗೊತ್ತಿತ್ತು. ಅದು ಉಸಿರಾಟ ಆಗಿರಲಿಲ್ಲ. ಹೃದಯ ನಿಂತ ಮೇಲೂ ಮೊದಲ ಕೆಲವು ನಿಮಿಷ ದೇಹ ಹೀಗೆ ಬಾಯಿ ತೆರೆದು ಗಾಳಿ ಎಳೆಯುತ್ತದೆ. ಬಿಟ್ಟು ಬಿಟ್ಟು ಬರುತ್ತದೆ, ಗೊರಕೆ ಹಾಗೆ ಕೇಳುತ್ತದೆ. ನೋಡುವವರಿಗೆ ಜೀವ ಇದೆ ಅನಿಸುತ್ತದೆ. ಹೃದಯ ನಿಂತ ಬಹಳಷ್ಟು ಜನರಲ್ಲಿ ಇದು ಕಾಣಿಸುತ್ತದೆ. ಅದಕ್ಕೇ ಫೋನ್ ಎತ್ತುವವರು "ಉಸಿರಾಡ್ತಿದ್ದಾರಾ" ಅಂತ ಕೇಳಿದರೆ ಸಾಲದು. "ನೀವು ನಾನು ಉಸಿರಾಡೋ ಹಾಗೆ ಆಡ್ತಿದ್ದಾರಾ" ಅಂತ ಕೇಳಬೇಕು. ಪ್ರಶ್ನೆಯಲ್ಲಿ ನಾಲ್ಕೇ ಮಾತು ಜಾಸ್ತಿ. ಆದರೆ ಆ ನಾಲ್ಕು ಮಾತು ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಹೇಳಿಕೊಡಬೇಕು, ಬಾಯಿಗೆ ಬರುವವರೆಗೆ ಅಭ್ಯಾಸ ಮಾಡಿಸಬೇಕು.

ಹೃದಯ ನಿಂತ ಮೇಲೆ ಯಾರೂ ಎದೆ ಒತ್ತದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ನಮ್ಮ ಹಳ್ಳಿಗಳ ದೂರ ನಿಮಗೆ ಗೊತ್ತು. ಎಷ್ಟೇ ಗಾಡಿ ಕೊಂಡರೂ ಹತ್ತು ನಿಮಿಷದೊಳಗೆ ಎಲ್ಲ ಮನೆ ಬಾಗಿಲಿಗೆ ಗಾಡಿ ಬರುವುದಿಲ್ಲ. ಮಲೆನಾಡಿನ ಒಂಟಿ ಮನೆಗಳಿಗೆ ಅರ್ಧ ಗಂಟೆಯಲ್ಲಿ ಬಂದರೂ ಪುಣ್ಯ. ಆ ಹೊತ್ತಿನಲ್ಲಿ ರೋಗಿಯ ಹತ್ತಿರ ಇರೋದು ಮನೆಯವರ ಎರಡು ಕೈ ಮತ್ತು ಫೋನಿನಲ್ಲಿ ಒಂದು ದನಿ. ಅಷ್ಟೇ.

ಆ ದನಿ ಏನು ಹೇಳಬೇಕು? ಕರೆ ಹೀಗಿರಬೇಕು ಎಂದು ನಾನು ಆಸೆ ಪಡುತ್ತೇನೆ.

"ಭುಜ ಹಿಡಿದು ಅಲುಗಾಡಿಸಿ ಕರೀರಿ. ಎಚ್ಚರ ಆಗ್ತಾರಾ?" "ಇಲ್ಲ." "ಎದೆ ನೋಡಿ. ನೀವು ನಾನು ಉಸಿರಾಡೋ ಹಾಗೆ ಮೇಲೆ ಕೆಳಗೆ ಆಗ್ತಿದೆಯಾ?" "ಇಲ್ಲ, ಆಗಾಗ ಗೊರ ಅಂತಿದ್ದಾರೆ." "ಸರಿ. ಗಾಡಿ ಹೊರಟಿದೆ. ಫೋನ್ ಕಟ್ ಮಾಡಬೇಡಿ, ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ. ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆ ಮಧ್ಯದ ಮೂಳೆ ಮೇಲೆ ಒಂದು ಅಂಗೈ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬೇಡಿ. ಜೋರಾಗಿ ಒತ್ತಿ, ಬಿಡಿ. ನಾನು ಎಣಿಸ್ತೀನಿ, ನೀವೂ ಜೊತೆಗೆ ಎಣಿಸಿ. ಒಂದು, ಎರಡು, ಮೂರು, ನಾಲ್ಕು..."

ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ. ಬಾಯಿಗೆ ಬಾಯಿಟ್ಟು ಊದುವುದು ಬೇಡ, ದೊಡ್ಡವರಿಗೆ ಈ ಹೊತ್ತಿನಲ್ಲಿ ಎದೆ ಒತ್ತಿದರೆ ಸಾಕು. ಕೇಳಲು ಸುಲಭ. ಆದರೆ ನಿಜವಾದ ಕರೆಯಲ್ಲಿ ಏನಾಗುತ್ತದೆ ನೋಡಿ. ಹಿಂದೆ ನಾಲ್ಕು ಜನ ಅಳುತ್ತಿರುತ್ತಾರೆ. ಒಬ್ಬರು ಫೋನ್ ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುತ್ತಾರೆ. "ಗಾಡಿ ಕಳಿಸ್ರಿ ಮೊದಲು, ಪ್ರಶ್ನೆ ಆಮೇಲೆ ಕೇಳಿ" ಅಂತ ರೇಗುತ್ತಾರೆ. "ಪಕ್ಕೆಲುಬು ಮುರಿದರೆ ಏನು ಮಾಡೋದು" ಅಂತ ಹೆದರುತ್ತಾರೆ. ಮನೆಯಲ್ಲಿ ಇರೋದು ಸೊಸೆ ಒಬ್ಬಳೇ ಆದರೆ ಮಾವನ ಎದೆ ಮೇಲೆ ಕೈ ಇಡಲು ಹಿಂಜರಿಯುತ್ತಾಳೆ. "ಮುಟ್ಟಿದ್ದಕ್ಕೇ ಸತ್ತರು ಅಂತ ನನ್ನ ಮೇಲೆ ಬಂದರೆ" ಅನ್ನುವ ಭಯ ಬೇರೆ. ಈ ಒಂದೊಂದು ಮಾತಿಗೂ ಥಟ್ಟನೆ, ಮೆತ್ತಗೆ, ಆದರೆ ಗಟ್ಟಿಯಾಗಿ ಉತ್ತರ ಕೊಡುವವರು ಬೇಕು. "ನೀವು ಒತ್ತಿದರೆ ಕೆಟ್ಟದ್ದೇನೂ ಆಗಲ್ಲಮ್ಮ, ಒತ್ತದಿದ್ದರೆ ಉಳಿಯಲ್ಲ, ಶುರು ಮಾಡಿ" ಅನ್ನಲು ಧೈರ್ಯ ಬೇಕು. ಆ ಧೈರ್ಯ ತರಬೇತಿಯಿಂದ ಬರುತ್ತದೆ. ಕಂಪ್ಯೂಟರ್ ಪರದೆ ನೋಡಿ ಓದಿದರೆ ಬರುವುದಿಲ್ಲ.

ಇದೇನೂ ಹೊಸ ವಿದ್ಯೆ ಅಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಅಗ್ನಿಶಾಮಕ ಇಲಾಖೆಯಲ್ಲಿದ್ದ ಡಾಕ್ಟರ್ ಜೆಫ್ ಕ್ಲಾಸನ್ 1970ರ ದಶಕದ ಕೊನೆಯಲ್ಲೇ ಕರೆ ಎತ್ತುವವರಿಗೆ ಕಾರ್ಡುಗಳನ್ನು ಬರೆದುಕೊಟ್ಟರು. ಯಾವ ತೊಂದರೆಗೆ ಯಾವ ಪ್ರಶ್ನೆ, ಯಾವ ಉತ್ತರ ಬಂದರೆ ಎಂಥ ಗಾಡಿ, ಗಾಡಿ ಬರುವವರೆಗೆ ಮನೆಯವರಿಗೆ ಏನು ಹೇಳಬೇಕು ಎಂದು ಅದರಲ್ಲಿತ್ತು. ಸಿಯಾಟಲ್ ನಗರ ಇರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) 1980ರ ದಶಕದ ಆರಂಭದಿಂದಲೇ ಫೋನಿನಲ್ಲಿ ಎದೆ ಒತ್ತುವುದನ್ನು ಹೇಳಿಕೊಡುತ್ತಿದ್ದಾರೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರು ಬದುಕಿ ಮನೆಗೆ ಹೋಗುವ ಪ್ರಮಾಣ ಜಾಸ್ತಿ ಇರುವ ಜಾಗಗಳ ಹೆಸರು ಹೇಳುವಾಗ ಇವತ್ತಿಗೂ ಆ ಊರಿನ ಹೆಸರು ಬರುತ್ತದೆ. ಅಲ್ಲಿ ರೆಕಾರ್ಡ್ ಆದ ಕರೆಗಳನ್ನು ಮತ್ತೆ ಕೇಳುತ್ತಾರೆ. ಎಷ್ಟನೇ ಸೆಕೆಂಡಿಗೆ ಹೃದಯ ನಿಂತಿದೆ ಅಂತ ಗುರುತಿಸಿದರು, ಎಷ್ಟನೇ ಸೆಕೆಂಡಿಗೆ ಮೊದಲ ಒತ್ತು ಬಿತ್ತು ಅಂತ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಕರೆಯನ್ನು ಎಷ್ಟು ಬೇಗ ಎತ್ತಿದರು, ಗಾಡಿ ಎಷ್ಟು ನಿಮಿಷಕ್ಕೆ ಹೋಯಿತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಕರೆ ಎತ್ತಿದ ಮೇಲೆ ಏನು ಮಾತಾಡಿದರು ಅನ್ನೋದಕ್ಕೂ ಒಂದು ಲೆಕ್ಕ ಬೇಕಲ್ವಾ?

ನಮ್ಮ ಸರ್ಕಾರ ಹೃದಯದ ವಿಚಾರದಲ್ಲಿ ಸುಮ್ನೆ ಕೂತಿಲ್ಲ, ಅದನ್ನು ಮನಸಾರೆ ಒಪ್ಪುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವುದು ನಮ್ಮಂಥವರಿಗೆ ದೊಡ್ಡ ಬಲ. 2025ರಲ್ಲಿ ಹಾಸನದಲ್ಲಿ ಸಾಲು ಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತರು, ಸರ್ಕಾರ ತಜ್ಞರ ಸಮಿತಿ ಮಾಡಿತು. ಆದರೆ ಇಂಜೆಕ್ಷನ್ ಕೊಡಬೇಕಾದರೆ ರೋಗಿ ಜೀವಂತ ನಮ್ಮ ಟೇಬಲ್ ಮೇಲೆ ಬರಬೇಕು. ಅಲ್ಲಿಯವರೆಗೆ ಜೀವ ಹಿಡಿದಿಡುವ ಕೆಲಸ ಶುರುವಾಗುವುದು ಫೋನಿನಲ್ಲೇ.

ಈಗ ಲೈಸೆನ್ಸ್ ವಿಚಾರಕ್ಕೆ ಬರುತ್ತೇನೆ. ನಾನು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದೆ ಒಂದು ಸೂಜಿ ಚುಚ್ಚುವಂತಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೊಡಲು ಫಾರ್ಮಸಿಸ್ಟ್‌ಗೆ ನೋಂದಣಿ ಬೇಕು. ಆಂಬುಲೆನ್ಸ್ ಡ್ರೈವರ್‌ಗೆ ಡಿಎಲ್ ಬೇಕು. ಆಂಬುಲೆನ್ಸ್ ಗಾಡಿಗೇ ಒಂದು ರಾಷ್ಟ್ರೀಯ ಮಾನದಂಡ ಇದೆ, ಎಐಎಸ್ 125 ಅಂತ. ಯಾವ ವರ್ಗದ ಗಾಡಿಯಲ್ಲಿ ಏನೇನು ಇರಬೇಕು ಎಂದು ಅದು ಹೇಳುತ್ತದೆ. ಅಷ್ಟೇಕೆ, 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರ್‌ಗೂ ಲೈಸೆನ್ಸ್ ಬೇಕು. ಕಂಡಕ್ಟರ್ ಅಣ್ಣಂದಿರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ನೂರಾರು ಜನರ ಜವಾಬ್ದಾರಿ ಅವರ ಮೇಲಿದೆ, ಲೈಸೆನ್ಸ್ ಇರಬೇಕಾದ್ದೇ. ಹಾಗಾದರೆ ಒಂದು ಪಾಳಿಯಲ್ಲಿ ಹೆರಿಗೆ, ಹಾವು ಕಡಿತ, ಅಪಘಾತ, ಆತ್ಮಹತ್ಯೆ ಯತ್ನ ಎಲ್ಲದಕ್ಕೂ ಮೊದಲು ಉತ್ತರ ಕೊಡುವವರಿಗೆ?

ಕೇಂದ್ರ ಸರ್ಕಾರ 2021ರಲ್ಲಿ ಆರೋಗ್ಯಕ್ಕೆ ಸಂಬಂಧಪಟ್ಟ ಇತರ ವೃತ್ತಿಗಳಿಗೆಂದು ಒಂದು ಕಾಯ್ದೆ ತಂದಿತು. ಅದರ ಪಟ್ಟಿಯಲ್ಲಿ 10 ಗುಂಪುಗಳಿವೆ, 50ಕ್ಕೂ ಹೆಚ್ಚು ವೃತ್ತಿಗಳಿವೆ. ಆಂಬುಲೆನ್ಸ್ ಒಳಗೆ ರೋಗಿಯನ್ನು ನೋಡಿಕೊಳ್ಳುವ ಇಎಂಟಿ ಸಿಬ್ಬಂದಿಗೆ ಅಲ್ಲಿ ಜಾಗ ಇದೆ, ಅದು ಆಗಲೇಬೇಕಿತ್ತು. ಡಾಕ್ಟರ್ ಹೇಳಿದ್ದನ್ನು ಕೇಳಿ ಟೈಪ್ ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನಿಸ್ಟ್‌ಗೂ ಜಾಗ ಇದೆ. ತುರ್ತು ಕರೆ ಎತ್ತುವವರ ಹೆಸರು ಮಾತ್ರ ಇಲ್ಲ. 108ರ ಭಾಷೆಯಲ್ಲಿ ಅವರನ್ನು ಇಆರ್‌ಒ ಅಂತಾರೆ, ಎಮರ್ಜೆನ್ಸಿ ರೆಸ್ಪಾನ್ಸ್ ಆಫೀಸರ್. ಹೆಸರಲ್ಲಿ ಆಫೀಸರ್ ಇದ್ದರೂ ಹೊರಗಿನವರ ಕಣ್ಣಿಗೆ ಅವರು ಕಾಲ್ ಸೆಂಟರ್ ಹುಡುಗ ಹುಡುಗಿಯರು. ಅವರಿಗೆ ತರಬೇತಿಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಏಜೆನ್ಸಿಗಳು ಕೊಡುತ್ತವೆ, ಹಿಂದೆ ಡಾಕ್ಟರ್ ಒಬ್ಬರು ಸಲಹೆಗೆ ಕೂತಿರುತ್ತಾರೆ. ಆದರೆ ಎಷ್ಟು ಗಂಟೆ, ಯಾವ ಪಾಠ, ಏನು ಪಾಸಾದರೆ ಹೆಡ್‌ಫೋನ್ ಹಾಕಿಕೊಳ್ಳಬಹುದು ಅನ್ನೋದನ್ನು ಕಾನೂನು ಹೇಳಬೇಕು. ಏಜೆನ್ಸಿ ಬದಲಾದರೆ ಪಾಠವೂ ಬದಲಾಗುವಂತಿರಬಾರದು.

ಈ ಮಾತನ್ನು ಕಣ್ಣೀರು ಹಾಕಿ ಕಲಿತವರು ಅಮೆರಿಕದ ಫ್ಲಾರಿಡಾದವರು. 2008ರ ಜನವರಿ 17ರಂದು ನಾರ್ತ್ ಪೋರ್ಟ್ ಎಂಬ ಊರಿನಲ್ಲಿ ಡೆನಿಸ್ ಆಂಬರ್ ಲೀ ಎಂಬ 21 ವರ್ಷದ ತಾಯಿಯನ್ನು ಮನೆಯಿಂದ ಅಪಹರಿಸಿದರು. ಅಪಹರಿಸಿದವನ ಫೋನಿನಿಂದಲೇ ಆಕೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಮಹಿಳೆ ಪಕ್ಕದ ಕಾರಿನಿಂದ ಚೀರಾಟ ಕೇಳಿ ತಾನೂ ಕರೆ ಮಾಡಿ, ಕಾರು ಯಾವ ರಸ್ತೆಯಲ್ಲಿ ಹೋಗುತ್ತಿದೆ ಎಂದು ಹೇಳುತ್ತಾ ಹೋದರು. ಆ ಕರೆ ಪಕ್ಕದ ಕೌಂಟಿಯ ಕಂಟ್ರೋಲ್ ರೂಮ್‌ಗೆ ಹೋಗಿತ್ತು. ಅಲ್ಲಿಂದ ಮಾಹಿತಿ ಹತ್ತಿರದಲ್ಲೇ ಇದ್ದ ಪೊಲೀಸ್ ಗಾಡಿಗಳಿಗೆ ತಲುಪಲಿಲ್ಲ. ಆಕೆ ಉಳಿಯಲಿಲ್ಲ. ಗಂಡ ಊರೂರು ಸುತ್ತಿ ಕಾನೂನಿಗಾಗಿ ಹೋರಾಡಿದರು. ಅದೇ ವರ್ಷ ಬಂದ ಕಾನೂನು ತರಬೇತಿಯನ್ನು ಬೇಕಾದವರು ಪಡೆಯಬಹುದು ಎಂದಷ್ಟೇ ಹೇಳಿತು. ಅದು ಸಾಲದೆ ಆಮೇಲೆ ಕಡ್ಡಾಯ ಮಾಡಿದರು. ಇವತ್ತು ಅಲ್ಲಿ 911 ಕರೆ ಎತ್ತಬೇಕಾದರೆ 232 ಗಂಟೆ ತರಬೇತಿ ಮುಗಿಸಿ, ರಾಜ್ಯದ ಪ್ರಮಾಣಪತ್ರ ಪಡೆದು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊದಲು ಐಚ್ಛಿಕ, ಆಮೇಲೆ ಕಡ್ಡಾಯ ಅನ್ನುವ ಆ ಸುತ್ತು ದಾರಿ ನಮಗೆ ಬೇಡ. ನೇರವಾಗಿ ಕಡ್ಡಾಯದಿಂದಲೇ ಶುರು ಮಾಡೋಣ.

ಗೃಹ ಸಚಿವರೇ, ನಮ್ಮ 112 ಹುಟ್ಟಿದ್ದೂ ಒಂದು ಸಾವಿನಿಂದಲೇ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಿರ್ಭಯಾಗೆ ಆದದ್ದನ್ನು ಯಾರೂ ಮರೆತಿಲ್ಲ. ಅದರ ನಂತರವೇ ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ಎಂಬ ಕೆಲಸಕ್ಕೆ ವೇಗ ಬಂತು, 2018ರಲ್ಲಿ ಹಿಮಾಚಲ ಪ್ರದೇಶದಿಂದ 112 ಶುರುವಾಯಿತು. ಸಂಖ್ಯೆ ಒಂದಾಯಿತು. ಆದರೆ ಸಂಖ್ಯೆಯ ಹಿಂದೆ ಕೂತವರ ತರಬೇತಿಯೂ ಒಂದಾಗಬೇಕು. ಗಂಡ ಹೊಡೆಯುತ್ತಿದ್ದಾನೆ ಅಂತ ಕರೆ ಮಾಡಿದ ಹೆಂಗಸಿನ ತಲೆಯಿಂದ ರಕ್ತ ಸುರಿಯುತ್ತಿರಬಹುದು. ಅದು ಪೊಲೀಸ್ ಕರೆಯೋ ಆಂಬುಲೆನ್ಸ್ ಕರೆಯೋ? ಎರಡೂ. ಪೊಲೀಸ್ ಗಾಡಿ ಕಳಿಸಿದವರೇ "ಶುಭ್ರವಾದ ಬಟ್ಟೆ ಒತ್ತಿ ಹಿಡಿ ತಾಯಿ, ಬಿಡಬೇಡ" ಅಂತಲೂ ಹೇಳಬೇಕು. ಬೇರೆ ಕಡೆಗೆ ಕರೆ ದಾಟಿಸಿ, ಅಲ್ಲಿ ಆಕೆ ಮೊದಲಿನಿಂದ ಕಥೆ ಹೇಳುವಂತಾಗಬಾರದು.

ಇನ್ನು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಚಾರ. ಹೊರಗಿನ ದೇಶದ ಪ್ರಶ್ನೆಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ನಮ್ಮ ಕೆಲಸ ಆಗುವುದಿಲ್ಲ. ಬೆಂಗಳೂರಿನಲ್ಲಿ ಕೂತು ಬೀದರ್‌ನ ಕರೆಯನ್ನೂ ಚಾಮರಾಜನಗರದ ಕರೆಯನ್ನೂ ಎತ್ತಬೇಕು. ಉತ್ತರ ಕರ್ನಾಟಕದಿಂದ ಕರೆ ಬರುತ್ತದೆ: "ಎಣ್ಣಿ ಕುಡದಾನ್ರಿ, ಖಬರ್ ಇಲ್ರಿ." ಬೆಂಗಳೂರಿನ ಕಿವಿಗೆ ಅದು ಕುಡಿದು ಬಿದ್ದವನ ಸುದ್ದಿ. ಕರೆ ಮಾಡಿದವರು ಹೇಳುತ್ತಿರುವುದು ಬೆಳೆಗೆ ಹೊಡೆಯುವ ಕೀಟನಾಶಕದ ಮಾತು. ಕುಡಿದವನು ಅಂದುಕೊಂಡು ನಿದ್ದೆ ಮಾಡಲಿ ಬಿಡಿ ಅಂದುಬಿಡುವ ಅಪಾಯ ಇದೆ, ಆದರೆ ಅಲ್ಲಿ ಒಂದೊಂದು ನಿಮಿಷವೂ ಜೀವದ ಪ್ರಶ್ನೆ. ಆ ಕ್ಷಣದಲ್ಲಿ ಹೇಳಬೇಕಾದ್ದು ಬಹಳ ಇದೆ. ಉಪ್ಪು ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಚ್ಚರ ಇಲ್ಲದಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ನೀರು ಹಾಕಿ ತೊಳೆಯಿರಿ. ಡಬ್ಬಿ ಆಸ್ಪತ್ರೆಗೆ ತನ್ನಿ. ಡಬ್ಬಿ ತಂದರೆ ನಮಗೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನೋದು ಕ್ಯಾಜುವಾಲ್ಟಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

"ಬ್ಯಾನಿ ಶುರು ಆಗ್ಯಾವ್ರಿ" ಅಂದರೆ ಹೆರಿಗೆ ನೋವು. "ದಮ್ಮು ಹತ್ತೈತಿ" ಅಂದರೆ ಉಸಿರು ಸಿಗುತ್ತಿಲ್ಲ. ಕರಾವಳಿಯ ಅಜ್ಜಿಗೆ ಗಾಬರಿಯಾದಾಗ ಬಾಯಿಗೆ ಬರುವುದು ತುಳು, ಕೊಡಗಿನ ಎಸ್ಟೇಟಿನಲ್ಲಿ ಮರದಿಂದ ಬಿದ್ದ ಕೂಲಿ ಅಸ್ಸಾಮಿನವನಿರಬಹುದು. ಊರಿನ ಹೆಸರಿನದೂ ಇದೇ ಕಥೆ. ಕೊಪ್ಪ ಅಂದರೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪವೋ, ಮದ್ದೂರು ತಾಲ್ಲೂಕಿನದೋ, ಬೈಲಕುಪ್ಪೆ ಪಕ್ಕದ್ದೋ? ಹೊಸಹಳ್ಳಿ, ಹೊಸೂರು ಅಂತೂ ಜಿಲ್ಲೆಗೆ ಎಷ್ಟೋ. ತಾಲ್ಲೂಕು ಯಾವುದು, ಹೋಬಳಿ ಯಾವುದು, ಹತ್ತಿರ ಹಾಲಿನ ಡೈರಿ ಎಲ್ಲಿದೆ, ಯಾವ ಗುಡಿ ಹತ್ರ ತಿರುಗಬೇಕು ಎಂದು ಗಾಬರಿಯಾದವರಿಂದ ಹೊರಗೆ ತೆಗೆಯುವುದೂ ಕಲಿಯಬೇಕಾದ ಕೆಲಸ. ಆದ್ದರಿಂದ ಪಾಠ ಬರೆಯುವಾಗ ಜಯದೇವ, ನಿಮ್ಹಾನ್ಸ್, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ತಜ್ಞರ ಜೊತೆ ಕಲಬುರಗಿಯ ಆಶಾ ಕಾರ್ಯಕರ್ತೆ, ರಾಯಚೂರಿನ ಇಎಂಟಿ, ಪುತ್ತೂರಿನ ನರ್ಸ್ ಇವರನ್ನೂ ಕೂರಿಸಿ. ಕಾಯಿಲೆಯ ಹೆಸರು ತಜ್ಞರಿಗೆ ಗೊತ್ತು, ಅದನ್ನು ಜನ ಹೇಗೆ ಹೇಳುತ್ತಾರೆ ಅನ್ನೋದು ಇವರಿಗೆ ಗೊತ್ತು.

ಪಾಠದಲ್ಲಿ ಹಾವು ಕಡಿತಕ್ಕೆ ಬೇರೆಯದೇ ಜಾಗ ಇರಲಿ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು, ಒಳ್ಳೆಯ ಕೆಲಸ. ಆದರೂ ಕಾಲಿಗೆ ಹಗ್ಗ ಬಿಗಿದುಕೊಂಡು, ಬ್ಲೇಡಿನಲ್ಲಿ ಕೊಯ್ದುಕೊಂಡು ಬರುವವರು ಇವತ್ತಿಗೂ ಇದ್ದಾರೆ. ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಾಡಿಸಬೇಡಿ, ನಡೆಸಬೇಡಿ ಅಂತ ಫೋನಿನಲ್ಲೇ ಹೇಳಿದರೆ ಕಾಲು ಉಳಿಯುತ್ತದೆ. ವಿಷಕ್ಕೆ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಇವತ್ತು ಇದೆ ಅನ್ನೋದು ಕರೆ ಎತ್ತುವವರ ಪರದೆ ಮೇಲೆ ಇರಬೇಕು. ಸಾಯ್ತೀನಿ ಅಂತ ಕರೆ ಮಾಡಿದವರ ಜೊತೆ ಮಾತು ಬೆಳೆಸುವುದು ಇನ್ನೊಂದು ಪಾಠ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಆದರೆ ಆ ಕ್ಷಣಕ್ಕೆ ಅವರು ಒತ್ತಿದ ನಂಬರ್ 112 ಆಗಿದ್ದರೆ, ಲೈನ್ ದಾಟಿಸುವ ಮುಂಚೆ ಹಿಡಿದುಕೊಳ್ಳುವವರು ಬೇಕು.

ತರಗತಿಯಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಇದು ಬರುವುದಿಲ್ಲ. ಹೊಸಬರನ್ನು ಕೆಲವು ದಿನ ಆಂಬುಲೆನ್ಸ್‌ನಲ್ಲಿ ಕಳಿಸಿ. ಕೆಲವು ರಾತ್ರಿ ನಮ್ಮ ಕ್ಯಾಜುವಾಲ್ಟಿಯಲ್ಲಿ ನಿಲ್ಲಿಸಿ, ಹೆರಿಗೆ ವಾರ್ಡ್‌ನಲ್ಲಿ ನಿಲ್ಲಿಸಿ. ಬೊಂಬೆಯ ಎದೆಯನ್ನು ಅವರೇ ಒತ್ತಿ ಸುಸ್ತಾಗಲಿ, ಆಗ ಆ ಕಡೆಯವರು ಎರಡು ನಿಮಿಷಕ್ಕೆ ಏದುಸಿರು ಬಿಡುವುದು ಯಾಕೆ ಅಂತ ತಿಳಿಯುತ್ತದೆ. ಹೆಸರು, ಗುರುತು ತೆಗೆದ ನಿಜವಾದ ಕರೆಗಳನ್ನು ಕೇಳಿಸಿ. ಆಮೇಲೆ ಹಿರಿಯರ ಪಕ್ಕದಲ್ಲಿ ಕೂತು ಕರೆ ಎತ್ತಲಿ. ವ್ಯವಸ್ಥೆ ಕೈಕೊಟ್ಟಾಗ ಏನು ಮಾಡಬೇಕು ಅನ್ನೋದನ್ನೂ ಕಲಿಸಿ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ 108 ರಾಜ್ಯದುದ್ದಕ್ಕೂ ತೊಡರಿದ್ದು ನಿಮಗೆ ನೆನಪಿರುತ್ತದೆ. ಪರದೆ ಕಪ್ಪಾದರೂ ಪೆನ್ನು, ಪೇಪರ್, ಜಿಲ್ಲಾ ನಕ್ಷೆ ಇಟ್ಟುಕೊಂಡು ಕರೆ ನಡೆಸುವ ಅಭ್ಯಾಸ ಇರಬೇಕು.

ಲೈಸೆನ್ಸ್ ವ್ಯಕ್ತಿಯ ಹೆಸರಿನಲ್ಲಿರಲಿ, ಕಂಪನಿಯ ಹೆಸರಿನಲ್ಲಿ ಬೇಡ. ಏಜೆನ್ಸಿ ಬದಲಾದರೂ, 108ರಿಂದ 112ಕ್ಕೆ ಹೋದರೂ ಅದು ಅವರ ಜೊತೆ ಹೋಗಬೇಕು. ಎರಡು ವರ್ಷಕ್ಕೊಮ್ಮೆ ನವೀಕರಣ, ಆ ನಡುವೆ ಪ್ರತಿ ತಿಂಗಳು ಅವರ ಕೆಲವು ಕರೆಗಳನ್ನು ತೆಗೆದು ಅವರ ಜೊತೆಯೇ ಕೂತು ಕೇಳುವ ಪದ್ಧತಿ ಬರಲಿ. ತಪ್ಪು ಹುಡುಕಿ ದಂಡ ಹಾಕಲು ಈ ಪದ್ಧತಿ ಬಳಸಿದರೆ ಎಲ್ಲರೂ ಹೆದರಿ ಪುಸ್ತಕದ ಮಾತಷ್ಟೇ ಆಡುತ್ತಾರೆ, ಅದು ಇನ್ನೂ ಅಪಾಯ. ಈಗ ಕೆಲಸದಲ್ಲಿರುವವರಿಗೆ ಸಮಯ ಕೊಡಿ, ಶುಲ್ಕ ಸರ್ಕಾರವೇ ಕಟ್ಟಲಿ, ತರಬೇತಿ ದಿನಗಳಿಗೂ ಸಂಬಳ ಇರಲಿ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರನ್ನು ಒಂದು ಪರೀಕ್ಷೆ ನೆಪದಲ್ಲಿ ಮನೆಗೆ ಕಳಿಸುವ ದಾರಿ ಆಗಬಾರದು. ಬೀದಿಗೊಂದು ಕೋಚಿಂಗ್ ಸೆಂಟರ್ ಎದ್ದು ಸರ್ಟಿಫಿಕೇಟ್ ಮಾರುವ ಹಾಗೂ ಆಗಬಾರದು. ಪರೀಕ್ಷೆ ಬಾಯಿಪಾಠದ್ದಾಗದೆ, ನಟನೆಯ ಕರೆ ಕೊಟ್ಟು ಕಿವಿಯಿಂದ ಕೇಳಿ ಅಂಕ ಹಾಕುವಂಥದ್ದಾಗಲಿ.

ಅವರ ಬದುಕಿನ ಬಗ್ಗೆಯೂ ಹೇಳಲೇಬೇಕು. ಸಂಬಳ ಬಾಕಿ ಎಂದು 108 ಸಿಬ್ಬಂದಿ ಬೀದಿಗೆ ಇಳಿದ ಸುದ್ದಿ ನಾವು ಮತ್ತೆ ಮತ್ತೆ ಓದಿದ್ದೇವೆ. ಒಂದು ಕಡೆ ಮಗುವಿನ ಉಸಿರು ನಿಂತ ಕರೆ, ಅದನ್ನು ಇಟ್ಟ ತಕ್ಷಣ ತಮಾಷೆಗೆ ಮಾಡಿದ ಕರೆ, ಆಮೇಲೆ ಬೈಗುಳದ ಕರೆ. ನಾವು ವಾರ್ಡಿನಲ್ಲಿ ರೋಗಿ ಉಳಿದರಾ ಹೋದರಾ ಅಂತ ಕಣ್ಣಾರೆ ನೋಡುತ್ತೇವೆ. ಅವರಿಗೆ ಅದೂ ಗೊತ್ತಾಗುವುದಿಲ್ಲ. ಕರೆ ಕಟ್ ಆದ ಮೇಲೆ ಆ ಮನೆಯಲ್ಲಿ ಏನಾಯಿತು ಅನ್ನುವ ಪ್ರಶ್ನೆಯನ್ನು ಹೊತ್ತುಕೊಂಡೇ ಮುಂದಿನ ಕರೆ ಎತ್ತುತ್ತಾರೆ. ಕಠಿಣವಾದ ಕರೆಯ ನಂತರ ಹತ್ತು ನಿಮಿಷ ಎದ್ದು ಹೋಗುವ ಹಕ್ಕು, ಮಾತಾಡಲು ಒಬ್ಬ ಆಪ್ತ ಸಮಾಲೋಚಕರು, ರೋಗಿಗೆ ಏನಾಯಿತು ಎಂದು ಆಸ್ಪತ್ರೆಯಿಂದ ತಿಳಿಸುವ ಒಂದು ಸಣ್ಣ ವ್ಯವಸ್ಥೆ, ಇವೆಲ್ಲ ಆ ನಿಯಮದಲ್ಲೇ ಬರೆದಿರಲಿ. ಲೈಸೆನ್ಸ್ ಪಡೆದವರಿಗೆ ಅದಕ್ಕೆ ತಕ್ಕ ಸಂಬಳವೂ ಇರಲಿ. ತಿಂಗಳ ಕೊನೆಗೆ ಸಂಬಳ ಬರುತ್ತೋ ಇಲ್ವೋ ಅನ್ನುವ ಚಿಂತೆಯಲ್ಲಿರುವವರಿಂದ ಆ ಎರಡು ನಿಮಿಷದ ಗಟ್ಟಿ ದನಿಯನ್ನು ಕೇಳುವುದು ನ್ಯಾಯ ಅಲ್ಲ.

ಇದಕ್ಕೆ ದುಡ್ಡು ಎಲ್ಲಿ ಅಂತ ಅಧಿಕಾರಿಗಳು ಕೇಳಬಹುದು. ಆಂಬುಲೆನ್ಸ್ ಕೊಳ್ಳುವ, ಡೀಸೆಲ್ ಹಾಕುವ ಖರ್ಚಿನ ಮುಂದೆ ಕರೆ ಕೇಂದ್ರದ ಕೆಲವು ನೂರು ಜನರ ತರಬೇತಿ ದೊಡ್ಡ ಮೊತ್ತವಲ್ಲ. ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ರಾಜ್ಯ ಏನು ಮಾಡಲಿ ಅನ್ನುವ ಮಾತೂ ಬರಬಹುದು. ಆದರೆ ಅಪಘಾತದಲ್ಲಿ ನೆರವಾದವರನ್ನು ಕಾಪಾಡಲು ತನ್ನದೇ ಕಾನೂನು ಮಾಡಿ ದೇಶಕ್ಕೆ ಮೊದಲು ದಾರಿ ತೋರಿಸಿದ್ದು ಕರ್ನಾಟಕವೇ ಅಲ್ವಾ? ಪಟ್ಟಿಗೆ ಸೇರಿಸಿ ಎಂದು ಕೇಂದ್ರಕ್ಕೆ ಬರೆಯಿರಿ. ಅದು ಬರುವವರೆಗೆ ರಾಜ್ಯದ ನಿಯಮ ಜಾರಿಯಲ್ಲಿರಲಿ.

2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ 108 ನಮ್ಮಲ್ಲಿ ಶುರುವಾಯಿತು. ಈಗ ಅದರ ಆಡಳಿತ ಕೈ ಬದಲಾಗುವ ಹೊತ್ತು. ಹೊಸ ಕಮಾಂಡ್ ಸೆಂಟರ್‌ನಲ್ಲಿ ಕುರ್ಚಿ, ಕಂಪ್ಯೂಟರ್ ಹಾಕುವ ಮುಂಚೆ ಆ ಕುರ್ಚಿಯಲ್ಲಿ ಯಾರು ಕೂರಬಹುದು ಎಂಬ ನಿಯಮ ಬರೆಯಿರಿ. ಒಮ್ಮೆ ಜನರನ್ನು ಹಳೆಯ ಪದ್ಧತಿಯಲ್ಲೇ ತುಂಬಿಕೊಂಡ ಮೇಲೆ ತಿದ್ದುವುದು ಕಷ್ಟ. ಎರಡೂ ಇಲಾಖೆಗಳ ಜಂಟಿ ಸಮಿತಿ ಮಾಡಿ, ಕರಡು ನಿಯಮವನ್ನು ಕನ್ನಡದಲ್ಲಿ ಜನರ ಮುಂದೆ ಇಡಿ, ಆಕ್ಷೇಪಣೆಗೆ ಸಮಯ ಕೊಡಿ. ಸಮಿತಿಯಲ್ಲಿ ಈಗ ಕರೆ ಎತ್ತುತ್ತಿರುವವರು ಕಡ್ಡಾಯವಾಗಿ ಇರಲಿ. ಪಾಠ ಹೇಳಲು, ಬೊಂಬೆ ಹೊತ್ತುಕೊಂಡು ಬರಲು, ಪರೀಕ್ಷೆಯಲ್ಲಿ ಗಾಬರಿಯಾದ ಸೊಸೆಯ ಪಾತ್ರ ಮಾಡಿ ಕರೆ ಮಾಡಲು ನಮ್ಮಂಥ ನರ್ಸ್‌ಗಳು ರಜೆ ದಿನದಲ್ಲಿ ಬರಲು ತಯಾರಿದ್ದೇವೆ. ಎಲ್ಲಿಗೆ, ಯಾವತ್ತು ಅಂತ ತಿಳಿಸಿ.

ಇಂತಿ,
ಕ್ಯಾಜುವಾಲ್ಟಿ ವಿಭಾಗದ ಒಬ್ಬ ನರ್ಸ್